ಐದು ಕಿಲೋ ಹಿಟ್ಟು

ಅಮ್ಮ ಸಕ್ಕರೆಯನ್ನು ಅರ್ಧ ಕಿಲೋ ಮಾತ್ರ ತಂದಳೆಂದರೆ
ನಾವು ಹೊರಟೆವು ಎಂದೇ ಲೆಕ್ಕ.
ಅಪ್ಪ ಬಾಯಿಬಿಟ್ಟು ಹೇಳುವುದು ಆಮೇಲೆ:
ಎಣ್ಣೆಬಾವಿ ಬತ್ತಿದ್ದೋ, ಕಂಪನಿ ಕೈಬದಲಿದ್ದೋ,
ಮೇಸ್ತ್ರಿಯ ಮುಖದ ಮೇಲೆ ತಾನೇ ಏನೋ ಅಂದಿದ್ದೋ.
ಕಾರಣ ಬೇರೆ ಬೇರೆ, ರಟ್ಟಿನ ಪೆಟ್ಟಿಗೆಗಳು ಮಾತ್ರ ಅವೇ.
ಒಂದರ ಮೈಮೇಲೆ ಈಗಲೂ ‘ಬಾಳೆಹಣ್ಣು, ಈಕ್ವಡಾರ್’ ಎಂದಿದೆ,
ಅದರೊಳಗೆ ನನ್ನ ಚಳಿಗಾಲದ ಬಟ್ಟೆ.

ಕಾಲೆಟಾ ಒಲಿವಿಯಾ, ಲಾಸ್ ಹೆರಾಸ್, ಪೀಕೊ ತ್ರುಂಕಾದೊ,
ಈಗ ಅನ್ಯೇಲೊ.
ಪಟಗೋನಿಯಾದ ಗಾಳಿಗೆ ಎಲ್ಲ ಊರೂ ಒಂದೇ,
ನನ್ನ ಕೈಗೆ ಹಾಗಲ್ಲ.
ನಡುರಾತ್ರಿ ಎದ್ದರೆ ಅದು ದೀಪದ ಸ್ವಿಚ್ಚಿಗಾಗಿ
ಬಾಗಿಲ ಎಡಕ್ಕೆ ತಡಕುತ್ತದೆ, ಅದು ಲಾಸ್ ಹೆರಾಸಿನ ಮನೆ;
ಸೊಂಟದೆತ್ತರಕ್ಕೆ ಇಳಿಯುತ್ತದೆ, ಅದು ತ್ರುಂಕಾದೊ;
ಕೊನೆಗೆ ಕತ್ತಲಲ್ಲೇ ಉಚ್ಚೆಗೆ ಹೋಗಿ ಬರುತ್ತೇನೆ.

ನಾನು ಮೊದಲ ಸಲ ಮುಟ್ಟಾದದ್ದು ಯಾವ ಊರಲ್ಲೂ ಅಲ್ಲ,
ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ.
ಅಮ್ಮ ಪೆಟ್ಟಿಗೆ ಮೇಲೆ ಪೆಟ್ಟಿಗೆ ಬಿಚ್ಚಿ ಹಳೆಯ ಟವೆಲು ಹುಡುಕಿದಳು.
ಅಪ್ಪ ಬೆನ್ನು ತಿರುಗಿಸಿ ನಿಂತು
ಟೈರುಗಳನ್ನು ಮೂರು ಸಲ ಪರೀಕ್ಷಿಸಿದ.

ಹೊಸ ಶಾಲೆಯಲ್ಲಿ ಕಪ್ಪುಹಲಗೆಯ ಮುಂದೆ ನಿಲ್ಲಿಸಿ
ನಿನ್ನ ಬಗ್ಗೆ ಹೇಳು ಅನ್ನುತ್ತಾರೆ.
ಇತಾತಿ ಸೊಸಾ, ಹದಿಮೂರು, ಹುಟ್ಟಿದ್ದು ಕೊರಿಯೆಂಟೆಸ್.
ಹೆಸರು ಕೇಳಿ ಯಾರೋ ನಗುತ್ತಾರೆ. ಅದು ಮುಗಿದ ಮೇಲೆ
ಹೇಳಲು ಏನೂ ಉಳಿದಿರುವುದಿಲ್ಲ.
ಒಂದೂರಲ್ಲಿ ಎಡಚಿಯಾದೆ. ಏಳು ತಿಂಗಳು
ಕೋಳಿ ಕೆದಕಿದಂತೆ ಬರೆದೆ.
ಇನ್ನೊಂದರಲ್ಲಿ ಮಾಂಸ ಮುಟ್ಟದವಳು,
ಮನೆಗೆ ಬಂದವಳೇ ತಣ್ಣಗಾದ ಸಾಸೇಜನ್ನು ನಿಂತೇ ತಿನ್ನುತ್ತಿದ್ದೆ.
ಸುಳ್ಳು ಹಳಸುವ ಮೊದಲೇ ಲಾರಿ ಬರುತ್ತಿತ್ತು.

ಅನ್ಯೇಲೊದಲ್ಲಿ ನನಗೊಬ್ಬಳು ಅವಳಿ ಹುಟ್ಟಿದಳು.
ಹೆಸರು ಯೆರುತಿ. ಅಜ್ಜಿಯ ಜೊತೆ ಅಲ್ಲೇ, ಕೊರಿಯೆಂಟೆಸಿನಲ್ಲೇ ಇದ್ದಾಳೆ ಅಂದೆ.
ಅವಳಿಗೆ ಒಂದೇ ಶಾಲೆ, ಒಬ್ಬನೇ ಹಲ್ಲಿನ ಡಾಕ್ಟರು,
ಒಂದನೇ ತರಗತಿಯಿಂದ ಜಗಳವಾಡುತ್ತಲೇ ಬಂದ ಒಬ್ಬ ಗೆಳತಿ.
ಅವಳ ನಾಯಿಗೆ ಮುಪ್ಪು ಬಂದಿದೆ. ನಮ್ಮ ಮನೆಯಲ್ಲಿ
ನಾಯಿಗಳಿಗೆ ಮುದಿಯಾಗುವಷ್ಟು ಪುರುಸೊತ್ತಿಲ್ಲ.
ಪಕ್ಕದ ಬೆಂಚಿನ ಯಾನಿನಾ ದಿನವೂ ಕೇಳುತ್ತಿದ್ದಳು,
ನಾನು ದಿನವೂ ಬೆಳೆಸುತ್ತಿದ್ದೆ.
ರಾತ್ರಿ ತಗಡಿನ ಗೋಡೆಯಾಚೆ ಅಪ್ಪ ಅಮ್ಮನ ದನಿ ಏರಿದಾಗ,
ತಮ್ಮ ರಮೀರೊ ದಿಂಬಿನಡಿ ತಲೆ ತೂರಿಸಿದಾಗ,
ಯೆರುತಿ ಅಲ್ಲಿ ಅಂಗಳದಲ್ಲಿ ಕಿತ್ತಳೆ ಸುಲಿಯುತ್ತ ಕೂತಿರುತ್ತಿದ್ದಳು.
ಅವಳ ಮೇಲೆ ಹೊಟ್ಟೆಕಿಚ್ಚು ಪಡತೊಡಗಿದ್ದೆ.

ಜೂನ್ ತಿಂಗಳ ಕೊರೆವ ಚಳಿಯ ಒಂದು ಶನಿವಾರ
ಅಮ್ಮ ಐದು ಕಿಲೋ ಹಿಟ್ಟಿನ ಚೀಲ ಹೊತ್ತು ತಂದಳು,
ಮೇಜಿನ ಮೇಲೆ ದೊಪ್ಪನೆ ಇಟ್ಟಳು.
ರಮೀರೊ ಅದರ ಸುತ್ತ ಕುಣಿದ.
ನನಗೆ ಕೈಕಾಲು ತಣ್ಣಗಾಯಿತು.
ಇನ್ನು ಯೆರುತಿಯ ಫೋಟೊ ಎಲ್ಲಿಂದ ತರಲಿ?

ಮರುವಾರ ಯಾನಿನಾ ಕರೆಯದೆಯೇ ಬಂದಳು.
ಅಮ್ಮ ಹಿಟ್ಟು ನಾದುತ್ತಿದ್ದಳು, ಮೊಣಕೈವರೆಗೂ ಬಿಳಿ.
‘ಯೆರುತಿ ರಜೆಗೆ ಬರುತ್ತಾಳಾ?’ ಅಂದುಬಿಟ್ಟಳು ಹುಡುಗಿ.
ಗಾಳಿಯೂ ಒಂದು ಗಳಿಗೆ ನಿಂತಿತು ಅಂತ ಬರೆಯಬಹುದಿತ್ತು,
ನಿಲ್ಲಲಿಲ್ಲ; ಇಲ್ಲಿ ಅದು ಯಾವತ್ತೂ ನಿಲ್ಲುವುದಿಲ್ಲ.
ಅಮ್ಮ ನನ್ನತ್ತ ನೋಡಿದಳು.
ಮುಂಗೈಯಿಂದ ಹಣೆಯ ಕೂದಲು ಸರಿಸಿದಳು.
‘ನೋಡಬೇಕಮ್ಮ,’ ಅಂದಳು,
‘ಅವಳಿಗೆ ಪ್ರಯಾಣ ಆಗಿಬರುವುದಿಲ್ಲ.’
ಮತ್ತೆ ನಾದತೊಡಗಿದಳು.

ಆ ರಾತ್ರಿ ಬೈಗುಳಕ್ಕೆ ಕಾಯುತ್ತ ಮಲಗಿದ್ದೆ.
ಬಂದಳು. ಹಾಸಿಗೆಯ ಅಂಚಿಗೆ ಕೂತು ಕತ್ತಲಲ್ಲೇ ಕೇಳಿದಳು,
ಅವಳಿಗೆ ಸ್ವಂತ ಕೋಣೆ ಇದೆಯಾ?
ಇದೆ ಅಂದೆ.
ಕಿಟಕಿ?
ಹೊಳೆಯ ಕಡೆಗೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು,
ಹೊರಗೆ ಹೋಗುತ್ತ, ದೀಪಕ್ಕಾಗಿ ಗೋಡೆ ತಡಕಿದಳು:
ಮೊದಲು ಎಡಕ್ಕೆ,
ಆಮೇಲೆ ಸೊಂಟದೆತ್ತರಕ್ಕೆ.